ಶಿರಸಿಯ ಮುರುಗಲ ತುಪ್ಪ: ಮಗಳ ಎಕ್ಸಿಮಾಗೆ ಬಳಸಿದ ಅನುಭವ

ಐದರಲ್ಲಿ ನಾಲ್ಕು ಸ್ಟಾರ್. ಆದರೆ ಮುರುಗಲ (ಕೋಕಂ) ಬೀಜದ ಈ ತುಪ್ಪವನ್ನು ಔಷಧ ಅಂತ ತಗೊಳ್ಳಬೇಡಿ. ಇದು ಒಣ ಚರ್ಮಕ್ಕೆ ಒಳ್ಳೆಯ ಹೊದಿಕೆ, ಅಷ್ಟೇ. ಆ ಕೆಲಸವನ್ನು ಮಾತ್ರ ಚೆನ್ನಾಗಿ ಮಾಡುತ್ತದೆ.

ನಾವಿರುವುದು ಕುಮಟಾದಲ್ಲಿ. ಮಗಳಿಗೆ ನಾಲ್ಕು ವರ್ಷ. ಮೊಣಕೈ ಒಳಮಡಿಕೆ, ಮೊಣಕಾಲಿನ ಹಿಂಭಾಗ, ಕುತ್ತಿಗೆ, ಈ ಮೂರು ಕಡೆ ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ. ರಾತ್ರಿ ನಿದ್ದೆಯಲ್ಲೇ ಕೆರೆದುಕೊಂಡು ರಕ್ತ ಬರುತ್ತಿತ್ತು. ಶಿರಸಿ ಪೇಟೆಯಲ್ಲಿ ಜೇನು, ಅಪ್ಪೆಮಿಡಿ, ಒಣ ಮುರುಗಲ ಸಿಪ್ಪೆ ಎಲ್ಲ ಇಟ್ಟಿರುವ ಒಂದು ಸಣ್ಣ ಅಂಗಡಿಯಿಂದ ಈ ತುಪ್ಪ ತರುತ್ತೇವೆ. ಆನ್‌ಲೈನಿನಲ್ಲಿ ಕೋಕಂ ಬಟರ್ ಅಂತ ಚಂದದ ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ ಇದು. ಇಲ್ಲಿ ಉಂಡೆ ಕಟ್ಟಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಬೆಲೆಯೂ ಕಡಿಮೆ. ನಮ್ಮ ಕಡೆ ಹಿಮ್ಮಡಿ ಒಡೆದರೆ ಹಚ್ಚುವುದು ಇದನ್ನೇ ಅಲ್ವಾ? ಮುರುಗಲ ಬೀಜ ಒಣಗಿಸಿ, ಒಡೆದು, ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ ಕೊಬ್ಬನ್ನು ತೆಗೆದು ಆರಿಸಿದರೆ ಆಯಿತು. ಬೇರೆ ಏನೂ ಸೇರಿಸುವುದಿಲ್ಲ. ಸೆಂಟ್ ಇಲ್ಲ, ಬಣ್ಣ ಇಲ್ಲ. ಎಕ್ಸಿಮಾ ಇರುವ ಮಗುವಿಗೆ ಇದೇ ದೊಡ್ಡ ವಿಷಯ, ಯಾಕೆಂದರೆ ಸುವಾಸನೆ ಹಾಕಿದ ಕ್ರೀಮುಗಳೇ ಎಷ್ಟೋ ಸಲ ಚರ್ಮವನ್ನು ಕೆರಳಿಸುತ್ತವೆ.

ಈ ಮಕ್ಕಳ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಚರ್ಮದ ಮೇಲ್ಪದರ ಗಟ್ಟಿಯಾಗಿರಲು ಫಿಲಾಗ್ರಿನ್ ಎಂಬ ಪ್ರೋಟೀನು ಬೇಕು, ಹುಟ್ಟಿನಿಂದಲೇ ಅದು ಕಡಿಮೆ ಇರುವ ಮಕ್ಕಳಿಗೆ ಎಕ್ಸಿಮಾ ಬರುವ ಸಾಧ್ಯತೆ ಜಾಸ್ತಿ. ಒಳಗಿನ ನೀರು ಆರಿ ಹೋಗುತ್ತದೆ, ಹೊರಗಿನ ಧೂಳು, ಸೋಪು, ಬೆವರು ಒಳಗೆ ಇಳಿದು ತುರಿಕೆ ಎಬ್ಬಿಸುತ್ತವೆ. ಮುರುಗಲ ತುಪ್ಪ ಮೇಲೆ ಒಂದು ಪದರ ಕಟ್ಟಿ ಆ ನೀರು ಆರದಂತೆ ತಡೆಯುತ್ತದೆ. ತಾನೇ ನೀರು ಕೊಡುವುದಿಲ್ಲ. ಹಾಗಾಗಿ ಒಣ ಮೈಗೆ ಸುಮ್ನೆ ತಿಕ್ಕಿದರೆ ಜಿಡ್ಡು ಮಾತ್ರ ಸಿಗುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷ ಸ್ನಾನ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ, ಅಂದರೆ ಮೂರು ನಿಮಿಷದೊಳಗೆ ಹಚ್ಚಿಬಿಡುವುದು. ಬಚ್ಚಲ ಹಂಡೆಯ ಸುಡುನೀರು ಮಗುವಿಗೆ ಹಿತ ಅನ್ನಿಸಬಹುದು, ಆದರೆ ಅದು ಚರ್ಮದ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ಸಾಮಾನ್ಯ ಸೋಪು ಕೂಡ ಹಾಗೇ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 9-10ರ ಹತ್ತಿರ, ಚರ್ಮದ್ದು ಸುಮಾರು 5. ನಾವು ವಾಸನೆ ಇಲ್ಲದ ಸಿಂಡೆಟ್ ಬಾರ್ (ಸೋಪಿನಷ್ಟು ಕ್ಷಾರ ಇಲ್ಲದ ಮೃದು ಬಾರ್) ಬಳಸುತ್ತೇವೆ, ಅದೂ ಕೊಳೆಯಾದ ಕಡೆ ಮಾತ್ರ.

ಹಚ್ಚುವುದು ಸುಲಭ ಅಲ್ಲ, ಇದೇ ಇದರ ಮೊದಲ ತೊಂದರೆ. ಮುರುಗಲ ತುಪ್ಪ ಕರಗಲು ಹತ್ತಿರ ಹತ್ತಿರ 40 ಡಿಗ್ರಿ ಬೇಕು, ಅಂಗೈಯಲ್ಲಿ ಎಷ್ಟು ಉಜ್ಜಿದರೂ ಚೂರುಚೂರಾಗಿ ಉಳಿಯುತ್ತದೆ. ಆ ಚೂರು ಕೆರೆದ ಜಾಗಕ್ಕೆ ತಾಗಿದರೆ ಮಗು ಅಳುತ್ತದೆ. ಅದಕ್ಕೆ ನಾವು ತುಪ್ಪವನ್ನು ತುರಿದು, ಅಷ್ಟೇ ಪ್ರಮಾಣದ ವರ್ಜಿನ್ ಕೊಬ್ಬರಿ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ಹಾಕುತ್ತೇವೆ. ಸೋಸುವುದು ಬಿಡಬೇಡಿ, ಬೀಜದ ಕಪ್ಪು ಚೂರು ಇದ್ದೇ ಇರುತ್ತದೆ. ಆರಿದ ಮೇಲೆ ಮೆತ್ತಗೆ ನಿಲ್ಲುತ್ತದೆ. ಬೆರಳಲ್ಲಿ ತೆಗೆಯಬೇಡಿ, ಒಣ ಚಮಚ ಇಟ್ಟುಕೊಳ್ಳಿ. ಕೊಬ್ಬರಿ ಎಣ್ಣೆ ಸುಮ್ಮನೆ ಆರಿಸಿಕೊಂಡಿದ್ದಲ್ಲ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಮಿನರಲ್ ಆಯಿಲ್‌ಗಿಂತ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಚೆನ್ನಾಗಿ ಕೆಲಸ ಮಾಡಿದೆ. ಆದರೆ ಅವು ಸಾಧಾರಣ ಮಟ್ಟದ ಎಕ್ಸಿಮಾ ಇದ್ದ ಮಕ್ಕಳು, ತೀವ್ರವಾಗಿದ್ದವರಲ್ಲ.

ಊರು ಬದಲಾದರೆ ಇದರ ಗುಣವೂ ಬದಲಾಗುತ್ತದೆ. ಡಿಸೆಂಬರಿನಲ್ಲಿ ದೇವಿಮನೆ ಘಾಟಿ ಹತ್ತಿ ಶಿರಸಿಯ ಅಜ್ಜನ ಮನೆಗೆ ಹೋದರೆ ಅಲ್ಲಿ ಚಳಿ, ಒಣ ಗಾಳಿ, ಅಲ್ಲಿ ಈ ಮಿಶ್ರಣಕ್ಕೆ ಸಮ ಯಾವುದೂ ಇಲ್ಲ. (ಕಂಬಳಿ ಮಾತ್ರ ಮಗುವಿನ ಮೈಗೆ ನೇರ ತಾಗಬಾರದು, ಉಣ್ಣೆ ಚುಚ್ಚಿ ತುರಿಕೆ ಹೆಚ್ಚಿಸುತ್ತದೆ. ಕೆಳಗೆ ಹತ್ತಿ ಬಟ್ಟೆ ಹಾಕಿ.) ಏಪ್ರಿಲ್-ಮೇ ಹೊತ್ತಿಗೆ ಕುಮಟಾದ ಸೆಕೆಯಲ್ಲಿ ಇದನ್ನು ದಪ್ಪಗೆ ಹಚ್ಚಿದರೆ ಬೆವರು ಒಳಗೇ ಕಟ್ಟಿ ಕುತ್ತಿಗೆಯಲ್ಲಿ ಬೆವರುಸಾಲೆ ಏಳುತ್ತದೆ. ಆಗ ಹಗಲು ಹಗುರವಾದ, ವಾಸನೆ ಇಲ್ಲದ ಕ್ರೀಮು, ರಾತ್ರಿ ಮಾತ್ರ ತೆಳ್ಳಗೆ ಇದು. ಬೆವರಿದ ಮೈಯನ್ನು ನೀರಲ್ಲಿ ತೊಳೆದು ಆಮೇಲೆ ಹಚ್ಚಬೇಕು. ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಅದೇ ಅಂಗಡಿಯಲ್ಲಿ ಬೇವು-ಅರಿಶಿನದ ಸೋಪು, ಸುಗಂಧದ ಗಿಡಮೂಲಿಕೆ ಎಣ್ಣೆ ಎಲ್ಲ ಇವೆ. ಈ ಮಕ್ಕಳಿಗೆ ಅವು ಬೇಡ. ಗಿಡದಿಂದ ಬಂದದ್ದೆಲ್ಲ ಮೃದು ಅಲ್ಲ, ಅರಿಶಿನ ಕೂಡ ಕೆಲವರಿಗೆ ಅಲರ್ಜಿ ಮಾಡುತ್ತದೆ. ಕಡ್ಲೆಹಿಟ್ಟು ತಿಕ್ಕಿ ಸ್ನಾನ ಮಾಡಿಸುವ ರೂಢಿಯನ್ನೂ ಬಿಡಿ. ಒಡೆದ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಹೋದರೆ ಮುಂದೆ ಆ ಆಹಾರಕ್ಕೇ ಅಲರ್ಜಿ ಶುರುವಾಗಬಹುದು. ಮುರುಗಲ ತುಪ್ಪವನ್ನೂ ಮೊದಲು ಚೆನ್ನಾಗಿರುವ ಚರ್ಮದ ಒಂದು ಸಣ್ಣ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡಿ.

ಕೆಂಪಗೆ ಉರಿದೆದ್ದ ಎಕ್ಸಿಮಾಗೆ ಯಾವ ತುಪ್ಪವೂ ಸಾಲದು. ಆಗ ಮಕ್ಕಳ ವೈದ್ಯರು ಅಥವಾ ಚರ್ಮದ ವೈದ್ಯರು ಬರೆದುಕೊಟ್ಟ ಕಡಿಮೆ ಶಕ್ತಿಯ ಸ್ಟೀರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟು ದಿನ ಹಚ್ಚಲೇಬೇಕು. ಹೆದರಿ ನಿಲ್ಲಿಸಬೇಡಿ. ಹೆದರಬೇಕಾದ್ದು ಬೇರೆಯದಕ್ಕೆ. ಒಂದು ಮೆಡಿಕಲ್ ಶಾಪಿನಲ್ಲಿ ನಾವು ತುರಿಕೆ ಅಂದ ಕೂಡಲೇ ಚೀಟಿ ಕೂಡ ಕೇಳದೆ ಸ್ಟೀರಾಯ್ಡ್, ಫಂಗಸ್ ಮದ್ದು, ಆ್ಯಂಟಿಬಯೋಟಿಕ್ ಮೂರೂ ಬೆರೆತ ಟ್ಯೂಬ್ ಕೊಟ್ಟರು. ವಾಪಸು ಕೊಟ್ಟು ಬಂದೆವು. 2018ರಲ್ಲೇ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳಿಗೆ ಚೀಟಿ ಕಡ್ಡಾಯ ಮಾಡಿದ್ದಾರೆ, ಆದರೂ ಇಂಥವು ಕೈಗೆ ಬರುತ್ತಲೇ ಇವೆ. ಮಗುವಿನ ತೆಳು ಚರ್ಮಕ್ಕೆ ಇಂಥ ಬೆರಕೆ ಟ್ಯೂಬ್ ತುಂಬಾ ಕೆಟ್ಟದ್ದು. ಇನ್ನು ಗಾಯದಲ್ಲಿ ಹಳದಿ ಹಕ್ಕಳೆ ಕಟ್ಟಿದರೆ, ಕೀವು ಬಂದರೆ, ಜ್ವರದ ಜೊತೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದರೆ ಮನೆಮದ್ದು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಬಟ್ಟೆಯ ವಿಷಯ ಯಾರೂ ಹೇಳುವುದಿಲ್ಲ. ಜಿಡ್ಡು ಹಿಡಿದ ಬಟ್ಟೆ, ಹಾಸಿಗೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ದೇವರ ದೀಪ, ಬಚ್ಚಲ ಒಲೆ ಇವುಗಳ ಹತ್ತಿರ ಮಗು ಸುಳಿಯದಂತೆ ನೋಡಿಕೊಳ್ಳಿ.

ಇದರಿಂದ ನಮಗೆ ಸಿಕ್ಕಿದ್ದು ಏನು ಅಂದರೆ, ಮೊಣಕಾಲಿನ ಹಿಂದಿನ ಬಿರುಕು ಮುಚ್ಚಿದೆ, ಮಗಳು ಜಾಸ್ತಿ ದಿನ ಬೆಳಗಿನವರೆಗೆ ನಿದ್ದೆ ಮಾಡುತ್ತಾಳೆ. ಎಕ್ಸಿಮಾ ಹೋಗಿಲ್ಲ, ಮಳೆಗಾಲದ ಶುರುವಿನಲ್ಲಿ ಮತ್ತೆ ಸ್ವಲ್ಪ ಎದ್ದಿತ್ತು. ಮುರುಗಲು ಸಿಗದ ಊರಿನವರು ಇದಕ್ಕಾಗಿ ಪರದಾಡಬೇಕಿಲ್ಲ, ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿಯೂ ಇದೇ ಕೆಲಸ ಮಾಡುತ್ತದೆ.

ಅಂಗಡಿಯವರಿಗೆ ಒಂದು ಕೋರಿಕೆ. ಉಂಡೆಯ ಮೇಲೆ ತಯಾರಿಸಿದ ತಿಂಗಳು ಬರೆಯಿರಿ. ಹಳೆಯದು ಕಮಟು ವಾಸನೆ ಹೊಡೆಯುತ್ತದೆ, ಅಂಥದ್ದು ಮಕ್ಕಳ ಮೈಗೆ ಹಚ್ಚುವಂತಿಲ್ಲ. ತಗೊಳ್ಳುವವರು ಕಾಗದ ಬಿಚ್ಚಿ ಮೂಸಿ ನೋಡಿಯೇ ತಗೊಳ್ಳಿ. ಹಣ್ಣಿನ ಕಾಲ ಮುಗಿದು ಬೀಜ ಒಣಗಿದ ಮೇಲೆ ಹೊಸದು ಬರುತ್ತದೆ, ಆಗ ಕೇಳಿ.