ಸ್ಪೀಕರ್‌ನ ಗುಂಯ್ ಶಬ್ದಕ್ಕೆ ಮದ್ದು: ಬೋರ್ಡು, ಐಸೊಲೇಟರ್, ಆಪ್ಟಿಕಲ್ ಹೋಲಿಸಿ ನೋಡಿದಾಗ

ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ ಎಂದು ಮಂಗಳೂರಿನಲ್ಲಿ ಯಾರಿಗೆ ಹೇಳಿದರೂ ಮೊದಲು ಸಿಗುವ ಸಲಹೆ ಒಂದೇ: "ಅರ್ಥಿಂಗ್ ಸರಿ ಇಲ್ಲ, ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ ನೀರು ಬಿಡಿ." ನಮ್ಮ ಮುರಕಲ್ಲಿನ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿಹೋಗುವುದರಿಂದ ಗುಂಡಿಯನ್ನು ನೋಡಿಕೊಳ್ಳಲೇಬೇಕು. ಆದರೆ ಅದು ಜೀವದ ಸುರಕ್ಷತೆಯ ಮಾತು. ಎರಡು ಅರ್ಥ್ ದಾರಿಗಳು ಸೇರಿ ಆಗುವ ವರ್ತುಲ, ಅಂದರೆ ಗ್ರೌಂಡ್ ಲೂಪ್‌ನ ಗುಂಯ್‌ಗೂ ಗುಂಡಿಗೂ ಸಂಬಂಧ ಬಹಳ ಕಡಿಮೆ. ಆಡಿಯೋಗೆಂದೇ ಬೇರೆ ಗುಂಡಿ ತೋಡಿಸಿ, ಮನೆಯ ಅರ್ಥಿಂಗ್‌ಗೆ ಸೇರಿಸದೆ ಬಿಟ್ಟರಂತೂ ತೊಂದರೆ ಹೆಚ್ಚುತ್ತದೆ, ಅಪಾಯವೂ ಉಂಟು.

ಲೂಪ್ ಹುಟ್ಟುವುದು ಮಣ್ಣಿನಲ್ಲಲ್ಲ, ಮನೆಯೊಳಗಿನ ವಯರುಗಳಲ್ಲಿ. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್‌ನಿಂದ ಅರ್ಥ್ ಪಡೆಯುತ್ತದೆ. ಟಿವಿಗೆ ಅರ್ಥ್ ಕೇಬಲ್‌ನವರ ತಂತಿಯ ಹೊರಕವಚದ ಮೂಲಕ, ಬೀದಿ ಕಂಬದ ಕಡೆಯಿಂದ ಬರುತ್ತದೆ. ಎರಡರ ನಡುವೆ ನಾವು ಆರ್‌ಸಿಎ ಕೇಬಲ್ (ಕೆಂಪು, ಬಿಳಿ ಪ್ಲಗ್‌ನ ಆಡಿಯೋ ತಂತಿ) ಸಿಕ್ಕಿಸಿದ ಕೂಡಲೇ ವರ್ತುಲ ಪೂರ್ತಿಯಾಗುತ್ತದೆ. ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆ ಕೇಬಲ್‌ನ ಕವಚದಲ್ಲಿ 50 ಹರ್ಟ್ಸ್‌ನ ಕರೆಂಟ್ ಹರಿಸುತ್ತದೆ. ಕವಚದ ಪ್ರತಿರೋಧ 0.05 ಓಮ್, ಕರೆಂಟ್ 10 ಮಿಲಿಆಂಪ್ ಎಂದಿಟ್ಟುಕೊಳ್ಳಿ, ಹುಟ್ಟುವುದು ಅರ್ಧ ಮಿಲಿವೋಲ್ಟ್. ಹಾಡಿನ ಸಿಗ್ನಲ್ಲೇ ಸುಮಾರು 300 ಮಿಲಿವೋಲ್ಟ್ ಇರುವಾಗ, ಅಷ್ಟು ಸಾಕು ಕಿವಿಗೆ ಬೀಳಲು.

ಎಷ್ಟು ಬೀಳುತ್ತದೆ ಎನ್ನುವುದು ನೀವು ಕೇಳುವ ಸಂಗೀತದ ಮೇಲೆ ಹೋಗುತ್ತದೆ. ಬಿಳಿ ಒಂದರ (ಹಾರ್ಮೋನಿಯಂನ ಮೊದಲ ಬಿಳಿ ಮನೆ) ಶ್ರುತಿಯಲ್ಲಿ ಷಡ್ಜ ಸುಮಾರು 131 ಹರ್ಟ್ಸ್, ತಂಬೂರಿಯ ಮಂದ್ರ ಪಂಚಮ 98. ಗುಂಯ್‌ನೊಳಗೆ 50ರ ಜೊತೆ 100 ಹರ್ಟ್ಸ್ ಕೂಡ ಇರುತ್ತದೆ, ಸಣ್ಣ ಸ್ಪೀಕರ್‌ಗಳಲ್ಲಿ ಅದೇ ಹೆಚ್ಚು ಕೇಳಿಸುವುದು. 98 ಮತ್ತು 100 ಒಟ್ಟಿಗೆ ಸೇರಿದರೆ ಸೆಕೆಂಡಿಗೆ ಸುಮಾರು 2 ಸಲ ಏರಿಳಿಯುವ ಒಂದು ತೊಯ್ದಾಟ. ವಿಳಂಬದ ಆಲಾಪನೆ ಕೇಳುವವರಿಗೆ ಇದು ಕೂತಲ್ಲಿ ಕೂರಲು ಬಿಡುವುದಿಲ್ಲ. ಚೆಂಡೆಯ ಅಬ್ಬರದಲ್ಲಿ ಮುಚ್ಚಿಹೋಗುವ ಅದೇ ಶಬ್ದ ಭಾಗವತರು ಪದ ಎತ್ತುವ ಮೊದಲಿನ ಮೌನದಲ್ಲಿ ಎದ್ದು ನಿಲ್ಲುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಕಳ್ಳ ಯಾರೆಂದು ಹಿಡಿಯಿರಿ. ಆಂಪ್ಲಿಫೈಯರ್‌ನ ಎಲ್ಲ ಇನ್‌ಪುಟ್ ಕೇಬಲ್ ಎಳೆದುಬಿಡಿ. ಆಗಲೂ ಗುಂಯ್ ಇದ್ದರೆ ಅದು ಲೂಪ್ ಅಲ್ಲ, ಒಳಗಿನ ಫಿಲ್ಟರ್ ಕೆಪಾಸಿಟರ್ ಸತ್ತಿರಬಹುದು, ರಿಪೇರಿಯವರ ಕೆಲಸ. ನಿಂತರೆ ಒಂದೊಂದೇ ಕೇಬಲ್ ಸಿಕ್ಕಿಸುತ್ತಾ ಬನ್ನಿ. ಟಿವಿಯ ಹಿಂದಿನ ಕೇಬಲ್‌ನವರ ತಂತಿಯನ್ನು ಬಿಚ್ಚಿ, ಆರ್‌ಸಿಎ ಹಾಗೇ ಬಿಟ್ಟು ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಯಾವುದನ್ನು ತೆಗೆದಾಗ ಗುಂಯ್ ನಿಂತಿತೋ ಕಳ್ಳ ಅದೇ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಂತೆ ಬದಲಾಗುವ ಜಿರ್ ಎಂಬ ಶಬ್ದ ಬೇರೆಯೇ ಜಾತಿ, ಅದಕ್ಕೆ ಈ ಮದ್ದು ನಾಟುವುದಿಲ್ಲ. ಇನ್ನೊಂದು ನಮ್ಮ ಕರಾವಳಿಯದ್ದೇ ಕಾಟ, ಉಪ್ಪುಗಾಳಿಗೆ ಆರ್‌ಸಿಎ ಪ್ಲಗ್‌ನ ಹೊರಬಳೆಗೆ ಹಸಿರು ಕಿಲುಬು ಹಿಡಿಯುವುದು. ಕವಚದ ಸಂಪರ್ಕ ತಪ್ಪಿದರೆ ಲೂಪ್‌ಗಿಂತಲೂ ಜೋರಾಗಿ ಗುಂಯ್‌ಗುಡುತ್ತದೆ. ಪ್ಲಗ್ಗನ್ನು ಕೈಯಲ್ಲಿ ತಿರುವಿದಾಗ ಶಬ್ದ ಹೋಗಿ ಬಂದು ಮಾಡಿದರೆ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಮುಗಿಯಿತು.

ಇನ್ನು ಮದ್ದುಗಳು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತರುವುದು ಖರ್ಚಿಲ್ಲದ್ದು, ಮೊದಲು ಮಾಡಬೇಕಾದ್ದು. ನನ್ನಲ್ಲಿ ಲ್ಯಾಪ್‌ಟಾಪ್‌ನ ಗುಂಯ್ ಇದರಿಂದ ಬಹುಪಾಲು ಇಳಿಯಿತು. ಟಿವಿಯದ್ದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಇಳಿಯುವಂತೆಯೂ ಇರಲಿಲ್ಲ, ಅದರ ಅರ್ಥ್ ಬೀದಿಯಿಂದ ಬರುತ್ತಿತ್ತಲ್ಲ.

ಆಂಪ್ಲಿಫೈಯರ್‌ನ ಮೂರನೇ ಪಿನ್ (ಅರ್ಥ್‌ನದ್ದು) ತೆಗೆಯುವ ಉಪಾಯವನ್ನು ನಾನು ಪರೀಕ್ಷೆಗೂ ಮಾಡಲಿಲ್ಲ, ನೀವೂ ಮಾಡಬೇಡಿ. ಗುಂಯ್ ಕ್ಷಣದಲ್ಲಿ ನಿಲ್ಲುತ್ತದೆ, ಅದಕ್ಕೇ ಜನ ಹಾಗೆ ಮಾಡುವುದು. ಆದರೆ ಒಳಗೆ ಇನ್ಸುಲೇಷನ್ ಹೋದ ದಿನ ಲೋಹದ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ, ಅದು ಹೋಗಲು ದಾರಿ ಆರ್‌ಸಿಎ ಕೇಬಲ್ ಅಥವಾ ಮುಟ್ಟಿದವರ ಮೈ. ಜುಲೈ ತಿಂಗಳಲ್ಲಿ ಬರಿಗಾಲಲ್ಲಿ ತೇವದ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತವರ ಮೈ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೂ, ಅರ್ಥ್ ದಾರಿ ಇಲ್ಲದಾಗ ಅದು ಟ್ರಿಪ್ ಆಗುವುದು ಶಾಕ್ ಹೊಡೆದ ಮೇಲೆ.

ಟಿವಿಗೆ ಎರಡು ಮದ್ದು ಎದುರುಬದುರು ಇಟ್ಟು ನೋಡಿದೆ. ಕೇಬಲ್ ತಂತಿಗೆ ಸಿಕ್ಕಿಸುವ ಗ್ಯಾಲ್ವನಿಕ್ ಐಸೊಲೇಟರ್ ಬೆರಳುದ್ದದ ವಸ್ತು. ಒಳಗಿನ ಕೆಪಾಸಿಟರ್‌ಗಳು ಚಾನೆಲ್‌ಗಳ ಮೆಗಾಹರ್ಟ್ಸ್ ಸಿಗ್ನಲ್ಲನ್ನು ಬಿಟ್ಟು 50 ಹರ್ಟ್ಸ್ ಅನ್ನು ತಡೆಯುತ್ತವೆ. ಸಿಕ್ಕಿಸಿದ ಕ್ಷಣ ಸ್ಪೀಕರ್ ಬಾಯಿ ಮುಚ್ಚಿತು, ಚಿತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಇದು ಕೇಬಲ್ ಟಿವಿಗೆ ಮಾತ್ರ. ಡಿಟಿಎಚ್ ಡಿಶ್‌ನ ತಂತಿಯಲ್ಲಿ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗ) 13 ಅಥವಾ 18 ವೋಲ್ಟ್ ಡಿಸಿ ಹೋಗಬೇಕು, ಇದು ಅದನ್ನೂ ತಡೆದು ಚಿತ್ರವನ್ನೇ ನಿಲ್ಲಿಸುತ್ತದೆ. ಸಿಡಿಲಿನಿಂದ ಕಾಪಾಡುತ್ತದೆ ಎಂದೂ ನಂಬಬೇಡಿ. ಮೋಡ ಕಪ್ಪಾದರೆ ಎಲ್ಲ ತಂತಿ ಬಿಚ್ಚುವ ನಮ್ಮ ಊರಿನ ರೂಢಿ ಬಿಡುವಂತಿಲ್ಲ.

ಟಿವಿಯಿಂದ ಆರ್‌ಸಿಎ ಬದಲು ಹಾಕುವ ಆಪ್ಟಿಕಲ್ ಕೇಬಲ್ ನನ್ನ ಮಟ್ಟಿಗೆ ಗೆದ್ದದ್ದು. ಹಾದು ಹೋಗುವುದು ಬೆಳಕು, ಲೋಹದ ಸಂಪರ್ಕವೇ ಇಲ್ಲ, ಆದ್ದರಿಂದ ಕೇಬಲ್, ಡಿಟಿಎಚ್ ಎರಡಕ್ಕೂ ಆಗುತ್ತದೆ. ಆಂಪ್ಲಿಫೈಯರ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಅಂಗೈಯಗಲದ ಡ್ಯಾಕ್ ಪೆಟ್ಟಿಗೆ ಬೇಕು. ಇಲ್ಲೇ ಎಡವುವುದು: ಆ ಪೆಟ್ಟಿಗೆಗೆ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದ ಕೊಟ್ಟರೆ ಲೂಪ್ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ಅದಕ್ಕೆ ಬೇರೆ ಮೊಬೈಲ್ ಚಾರ್ಜರ್ ಕೊಡಿ. ಟಿವಿಯ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಸದ್ದು) ಇರಲಿ, ಇಲ್ಲವಾದರೆ ಸಾಧಾರಣ ಡ್ಯಾಕ್‌ನಿಂದ ಸದ್ದೇ ಬರುವುದಿಲ್ಲ.

ಆರ್‌ಸಿಎ ಟ್ರಾನ್ಸ್‌ಫಾರ್ಮರ್ ಐಸೊಲೇಟರ್ ಎಲ್ಲ ಅಂಗಡಿಯಲ್ಲೂ ಸಿಗುವುದು, ಕಾರ್ ಸ್ಟೀರಿಯೋದವರು ಕೊಡುವುದೂ ಇದನ್ನೇ. ಕೆಲವು ನೂರು ರೂಪಾಯಿಯದ್ದು ಗುಂಯ್ ನಿಲ್ಲಿಸಿತು, ಜೊತೆಗೆ ತಗ್ಗಿನ ಸ್ವರಗಳನ್ನೂ ತಿಂದಿತು. ಹುಲಿವೇಷದ ಧ್ವನಿಮುದ್ರಣ ಹಾಕಿದರೆ ತಾಸೆ ಚೆನ್ನಾಗಿ ಕೇಳುತ್ತದೆ, ಡೋಲಿನ ಗುದ್ದು ಮಾತ್ರ ಎದೆಗೆ ತಾಗುವುದಿಲ್ಲ. ಸಣ್ಣ ಕೋರ್ (ಟ್ರಾನ್ಸ್‌ಫಾರ್ಮರ್ ಒಳಗಿನ ಲೋಹದ ತಿರುಳು) ತಗ್ಗಿನ ಆವರ್ತನದಲ್ಲಿ ಬೇಗ ಸ್ಯಾಚುರೇಟ್ ಆಗುವುದೇ, ಅಂದರೆ ಇನ್ನಷ್ಟು ಕಾಂತತೆ ಹಿಡಿಸದೆ ತುಂಬಿಹೋಗುವುದೇ ಕಾರಣ. ದೊಡ್ಡ ಕೋರ್‌ನ, ಸ್ಟುಡಿಯೋದವರು ಬಳಸುವಂಥದ್ದರಲ್ಲಿ ಡೋಲು ಬಹುಪಾಲು ವಾಪಸ್ ಬಂತು, ಬೆಲೆಯೂ ಏರಿತು. ಬೇರೆ ದಾರಿ ಇಲ್ಲದ ಅನಲಾಗ್ ಮೂಲಕ್ಕೆ ಮಾತ್ರ ಇದು ಇರಲಿ.

ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಡ್ಯಾಕ್‌ಗೆ ಹಾಡು ಕಳಿಸುವವರಿಗೆ ಯುಎಸ್‌ಬಿ ಐಸೊಲೇಟರ್ ಉಂಟು. ಎಡಿಯುಎಂ 3160 ಚಿಪ್ ಇರುವ ಅಗ್ಗದವು 12 ಮೆಗಾಬಿಟ್ ವೇಗದವು. ಸಿಡಿ ಗುಣಮಟ್ಟಕ್ಕೆ ಧಾರಾಳ ಸಾಕು, 192 ಕಿಲೋಹರ್ಟ್ಸ್‌ನ ಫೈಲಿಗೆ ಸಾಲದು. ಹೈಸ್ಪೀಡ್ (ಇದಕ್ಕಿಂತ ಹೆಚ್ಚಿನ ಯುಎಸ್‌ಬಿ ವೇಗ) ಮಾತ್ರ ಒಪ್ಪುವ ಡ್ಯಾಕ್ ಇದ್ದರೆ ಕೊಳ್ಳುವ ಮೊದಲು ನೋಡಿಕೊಳ್ಳಿ. ಟರ್ನ್‌ಟೇಬಲ್‌ಗೆ ಈ ಯಾವುದೂ ಬೇಡ. ಅದರ ಜೊತೆ ಬರುವ ಸಪೂರ ತಂತಿಯನ್ನು ಆಂಪ್ಲಿಫೈಯರ್ ಹಿಂದಿನ ಜಿಎನ್‌ಡಿ (ಗ್ರೌಂಡ್) ಸ್ಕ್ರೂಗೆ ಬಿಗಿಯಾಗಿ ಕಟ್ಟಿ. ಕಾರ್ಟ್ರಿಜ್‌ನಿಂದ (ಮುಳ್ಳು ಕೂರುವ ಭಾಗ) ಬರುವುದು ಕೇವಲ 5 ಮಿಲಿವೋಲ್ಟ್‌ನ ಆಸುಪಾಸು, ಫೋನೋ ಸ್ಟೇಜ್ (ಟರ್ನ್‌ಟೇಬಲ್‌ಗೆಂದೇ ಇರುವ ಮೊದಲ ಹಂತದ ಆಂಪ್ಲಿಫೈಯರ್) ಅದನ್ನು ನೂರು ಪಟ್ಟು ಹಿಗ್ಗಿಸುತ್ತದೆ. ಆ ಸ್ಕ್ರೂ ಚೂರು ಸಡಿಲವಾದರೂ ಗುಂಯ್ ಕೂಡ ಅಷ್ಟೇ ಪಟ್ಟು ಹಿಗ್ಗುತ್ತದೆ.