ಜರ್ಮನಿಯಲ್ಲಿ ಮಕ್ಕಳಿಗೆ ಪೋನಿ ಕೊಳ್ಳುತ್ತಿದ್ದೀರಾ? ಮೊದಲು ಅದರ ರಕ್ತ ತೆಗೆಸಿಡಿ

ಜರ್ಮನಿಯಲ್ಲಿ, ಅದರಲ್ಲೂ ಹ್ಯಾನೋವರ್, ಓಲ್ಡನ್‌ಬರ್ಗ್ ಸುತ್ತಮುತ್ತ ಇರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಲ್ಲಿ ಊರಿಗೊಂದು ಸವಾರಿ ಕ್ಲಬ್ ಇದೆ. ಮಕ್ಕಳು ಒಂದೆರಡು ವರ್ಷ ಕಲಿಯುತ್ತಾರೆ, ಆಮೇಲೆ "ಅಪ್ಪಾ, ನಂಗೆ ಸ್ವಂತ ಪೋನಿ ಬೇಕು" ಅಂತ ಶುರುವಾಗುತ್ತದೆ. ಕೊಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಪೋನಿಗೆ ಮಂಕು ಬರಿಸುವ ಮದ್ದು ಕೊಟ್ಟು, ಸಾಧು ಪ್ರಾಣಿ ಅಂತ ತೋರಿಸಿ ಮಾರುವವರು ಇದ್ದಾರೆ. ನಮಗೇ ಮಾರಿದ್ದಾರೆ.

ಈ ಸೀಮೆ ಕುದುರೆಗೆ ಹೆಸರಾದದ್ದು. ಸೆಲ್ಲೆ ಊರಿನ ಸರ್ಕಾರಿ ಅಶ್ವಶಾಲೆ ಶುರುವಾಗಿದ್ದು 1735ರಲ್ಲಿ. ಹ್ಯಾನೋವೇರಿಯನ್ ಕುದುರೆಗಳ ಹರಾಜು ನಡೆಯುವ ವೆರ್ಡೆನ್ ಕೂಡ ದೂರವಿಲ್ಲ. ನಮ್ಮ ಕುಣಿಗಲ್ ಸ್ಟಡ್ ಫಾರ್ಮ್ ಹೆಸರು ಮಾಡಿದ್ದು ರೇಸಿನ ಥರೋಬ್ರೆಡ್‌ಗಳಿಂದ. ಇಲ್ಲಿಯ ವಾರ್ಮ್‌ಬ್ಲಡ್‌ಗಳು ಜಿಗಿತಕ್ಕೆ, ಸವಾರನ ಸನ್ನೆಗೆ ತಕ್ಕಂತೆ ಹೆಜ್ಜೆ ಹಾಕುವ ಡ್ರೆಸಾಜ್‌ಗೆ ಅಂತಲೇ ಆರಿಸಿ ಬೆಳೆಸಿದ ತಳಿಗಳು. ಮಕ್ಕಳಿಗೆ ಅದೇ ಮೈಕಟ್ಟಿನ ಚಿಕ್ಕ ಕುದುರೆ ಬೇಕು ಅಂತ ವೆಲ್ಶ್, ಅರಬ್ಬಿ, ಥರೋಬ್ರೆಡ್ ಬೆರೆಸಿ ಮಾಡಿದ್ದು ಜರ್ಮನ್ ರೈಡಿಂಗ್ ಪೋನಿ. ಎತ್ತರ 148 ಸೆಂಟಿಮೀಟರ್ ಒಳಗೆ ಇದ್ದರೆ ಪೋನಿ, ದಾಟಿದರೆ ಕುದುರೆ. ಇಷ್ಟೆಲ್ಲ ಇತಿಹಾಸ ಇರುವ ಜಾಗದಲ್ಲಿ ಮೋಸ ಎಲ್ಲಿ ಆಗುತ್ತೆ ಅಂತ ಅನ್ನಿಸುತ್ತದೆ, ಅಲ್ವಾ? ಮಾರುವವನಿಗೂ ಅದೇ ಬೇಕು.

ನಾವು ನೋಡಿದ್ದು 8 ವರ್ಷದ, ಬೀಜ ಒಡೆಸಿದ ಗಂಡು ಪೋನಿ. ಕಂದು ಮೈ, ಹಣೆಯಲ್ಲಿ ಬಿಳಿ ಚುಕ್ಕೆ, ನೋಡಲು ತುಂಬಾ ಚೆಂದ. ಜಾಹೀರಾತಿನಲ್ಲಿ "ಮಕ್ಕಳಿಗೆ ಹೇಳಿ ಮಾಡಿಸಿದ್ದು, ಮಗಳು ದೊಡ್ಡವಳಾದ್ದರಿಂದ ಮಾರುತ್ತಿದ್ದೇವೆ" ಅಂತ ಇತ್ತು. ಬೆಲೆ ಹತ್ತು ಸಾವಿರ ಯೂರೋ ದಾಟಿತ್ತು. ಮಾರುವವನು ಫೋನಿನಲ್ಲೇ ಅವಸರ ಶುರು ಮಾಡಿದ. ನಾಳೆ ಡೆನ್ಮಾರ್ಕಿನಿಂದ ಇನ್ನೊಂದು ಕುಟುಂಬ ಬರುತ್ತಿದೆ, ಸವಾರಿ ನೋಡೋದು, ಡಾಕ್ಟರ್ ಪರೀಕ್ಷೆ ಎರಡೂ ಇವತ್ತೇ ಮುಗಿಸಿಬಿಡಿ, ಬೇಕಿದ್ದರೆ ನನ್ನ ಡಾಕ್ಟರೇ ಇದ್ದಾರೆ ಅಂದ. ಊರಿನಲ್ಲಿರುವ ನಮ್ಮ ಮಾವನವರು ಘಾಟಿ ಜಾತ್ರೆಯಲ್ಲಿ ಎತ್ತು ಕೊಂಡು ಅನುಭವ ಇರುವವರು. ವಿಡಿಯೋ ಕಾಲಿನಲ್ಲಿ ಈ ಮಾತು ಕೇಳಿ ಮೊದಲು ಕೇಳಿದ್ದೇ "ಅವನಿಗ್ಯಾಕಪ್ಪಾ ಅಷ್ಟು ಆತುರ?" ಅಂತ. ಅವನ ಡಾಕ್ಟರ್ ಬೇಡ ಅಂತ ಬೇರೆ ಊರಿನ ಕ್ಲಿನಿಕ್ಕಿನಿಂದ ಕರೆಸಿದೆವು. ನಮ್ಮನ್ನು ಉಳಿಸಿದ್ದು ಅದೊಂದೇ.

ನಾವು ಹೋಗುವಷ್ಟರಲ್ಲಿ ಪೋನಿಗೆ ಜೀನು ಹಾಕಿ, ಹೊಟ್ಟೆಪಟ್ಟಿ ಬಿಗಿದು, ಒಂದು ಸುತ್ತು ಓಡಿಸಿಯೂ ಆಗಿತ್ತು. ಜೀನಿನ ಅಂಚಿನಲ್ಲಿ ಕೂದಲು ಒದ್ದೆ. ತಲೆ ತಗ್ಗಿಸಿಕೊಂಡು, ಕೆಳತುಟಿ ಜೋತುಬಿಟ್ಟು ನಿಂತಿತ್ತು. ಮುಜುಗರ ಬೇಡ, ನೇರವಾಗಿ ಹೇಳುತ್ತೇನೆ: ಅದರ ಶಿಶ್ನ ಕೂಡ ಹೊರಗೆ ಇಳಿಬಿದ್ದಿತ್ತು, ಒಳಗೆ ಹೋಗಲೇ ಇಲ್ಲ. "ನೋಡಿ, ಎಷ್ಟು ಆರಾಮಾಗಿದ್ದಾನೆ" ಅಂದ ಮಾರುವವನು. ಗಂಡು ಕುದುರೆಗೆ ಅಸೆಪ್ರೊಮಜೀನ್ ಎಂಬ ಮಂಕು ಬರಿಸುವ ಮದ್ದು ಕೊಟ್ಟರೆ ಹೀಗಾಗುತ್ತದೆ, ಕ್ಲಬ್ಬಿನ ಹಳೆಯ ಸವಾರರಿಗೆಲ್ಲ ಇದು ಗೊತ್ತು. ಆಯಾಸ ಆದಾಗ, ನಿದ್ದೆಗೆ ಜಾರಿದಾಗ ಸಹ ಸ್ವಲ್ಪ ಹೊತ್ತು ಹಾಗೆ ಕಾಣಬಹುದು, ಆದ್ದರಿಂದ ಅದೊಂದನ್ನೇ ಹಿಡಿದು ಜಗಳ ಆಡಲು ಬರುವುದಿಲ್ಲ. ಮಗಳು ಹತ್ತಿದಳು. ನಡಿಗೆ, ಟ್ರಾಟ್, ಕ್ಯಾಂಟರ್, ಸಣ್ಣ ಜಿಗಿತ, ಎಲ್ಲಾ ಬೆಣ್ಣೆಯಂತೆ.

ಕೊಳ್ಳುವ ಮುಂಚಿನ ಡಾಕ್ಟರ್ ಪರೀಕ್ಷೆಗೆ ಇಲ್ಲಿ ಎಲ್ಲರೂ ಆ-ಕಾ-ಊ ಅನ್ನುತ್ತಾರೆ. ಎದೆಬಡಿತ, ಉಸಿರು, ಕಣ್ಣು, ಹಲ್ಲು ನೋಡುತ್ತಾರೆ. ಕಾಲು ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡಿಸಿ ಕುಂಟುತ್ತದಾ ಅಂತ ನೋಡುತ್ತಾರೆ. ಎಕ್ಸ್‌ರೇ ಬೇಕೆಂದರೆ 2018ರ ಮಾರ್ಗಸೂಚಿಯಂತೆ 18 ಚಿತ್ರ ತೆಗೆಯುತ್ತಾರೆ, ಅಷ್ಟೂ ಕಾಲಿನವೇ. ಬೆನ್ನಿನ ಎಕ್ಸ್‌ರೇ ಬೇಕಿದ್ದರೆ ಬೇರೆಯಾಗಿ ಕೇಳಬೇಕು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ! ಇನ್ನೊಂದು ವಿಷಯ, "ಎಕ್ಸ್‌ರೇ ಕ್ಲಾಸ್ 1", ಅಂದರೆ ಎಲ್ಲಕ್ಕಿಂತ ಒಳ್ಳೆಯ ದರ್ಜೆ, ಅಂತ ಯಾರಾದರೂ ಕೊಚ್ಚಿಕೊಂಡರೆ ನಂಬಬೇಡಿ. ಆ ಕ್ಲಾಸ್ ಪದ್ಧತಿಯನ್ನು ಅದೇ 2018ರಲ್ಲಿ ಕೈಬಿಟ್ಟಿದ್ದಾರೆ.

ಪರೀಕ್ಷೆ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ರಕ್ತ ತೆಗೆದು, ಮಾರುವವನ ಎದುರೇ ಸೀಲ್ ಮಾಡಿ, ಇಬ್ಬರ ಸಹಿ ತೆಗೆದುಕೊಂಡರು. ಸಾಮಾನ್ಯವಾಗಿ 6 ತಿಂಗಳು ಇದನ್ನು ಹಾಗೇ ತಣ್ಣಗೆ ಇಡುತ್ತಾರೆ. ತೊಂದರೆ ಬಂದರೆ ಮಾತ್ರ ಲ್ಯಾಬಿಗೆ ಕಳಿಸುವುದು. ಸೂಜಿ ನೋಡಿದ ಕೂಡಲೇ ನಮ್ಮ ಮಹಾಶಯ "ಇದೆಲ್ಲ ಯಾಕೆ ಸುಮ್ನೆ, ಖರ್ಚು ಜಾಸ್ತಿ" ಅಂದ. ನಮ್ಮ ಖರ್ಚಿನ ಮೇಲೆ ಅವನಿಗೆ ಕಾಳಜಿ ಹುಟ್ಟಿದ್ದು ಅದೇ ಮೊದಲು.

ಮನೆಗೆ, ಅಂದರೆ ನಮ್ಮ ಲಾಯಕ್ಕೆ ಬಂದ ಮೇಲೆ ಬೇರೆಯೇ ಪ್ರಾಣಿ. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಿವಿ ಹಿಂದಕ್ಕೆ, ಕಚ್ಚಲು ಬಾಯಿ ಮುಂದಕ್ಕೆ. ಜಾಗ ಹೊಸದು, ಒಗ್ಗಿಕೊಳ್ಳಲಿ ಅಂತ ಕೋಚ್ ಹೇಳಿದರು. ತಪ್ಪು ಮಾತೇನಲ್ಲ, ಎಷ್ಟೋ ಪೋನಿಗಳು ಹಾಗೆ ಮಾಡುತ್ತವೆ. ಆದರೆ ಇದು ಬೆನ್ನು ಕಮಾನು ಮಾಡಿ ಎಗರತೊಡಗಿತು. ಮಗಳು ಬಿದ್ದು ಮಣಿಕಟ್ಟು ಮುರಿದುಕೊಂಡಳು. ಬೆನ್ನಿನ ಎಕ್ಸ್‌ರೇ ತೆಗೆಸಿದರೆ ಜೀನು ಕೂರುವ ಜಾಗದಲ್ಲೇ ಬೆನ್ನುಮೂಳೆಯ ಮೇಲಿನ ಮುಳ್ಳುಗಳು ಒಂದಕ್ಕೊಂದು ತಾಗುತ್ತಿದ್ದವು. ಕಿಸ್ಸಿಂಗ್ ಸ್ಪೈನ್ಸ್ ಅನ್ನುತ್ತಾರಲ್ಲ, ಅದು. ಪಾಪ, ಪೋನಿಗೆ ಕೊಬ್ಬು ಇರಲಿಲ್ಲ, ನೋವು ಇತ್ತು. ಆಗ ಸೀಲ್ ಮಾಡಿದ್ದ ರಕ್ತವನ್ನು ಲ್ಯಾಬಿಗೆ ಕಳಿಸಿದೆವು. ಅಸೆಪ್ರೊಮಜೀನ್ ಸಿಕ್ಕಿತು.

ಮಾರುವವನ ಮೊದಲ ಉತ್ತರ: ಒಪ್ಪಂದ ಓದಿಕೊಳ್ಳಿ. ಅದರಲ್ಲಿ "ಖಾಸಗಿ ಮಾರಾಟ, ನೋಡಿದ ಹಾಗೇ ಕೊಂಡದ್ದು, ಹೊಣೆ ಇಲ್ಲ" ಅಂತ ಇತ್ತು. ಈ ಸಾಲು ಇಲ್ಲಿ ತುಂಬಾ ನಡೆಯುತ್ತದೆ, ಕಾರಣವೂ ಇದೆ. ವ್ಯಾಪಾರ ಮಾಡುವವನಿಂದ ನಮ್ಮಂಥವರು ಮನೆ ಬಳಕೆಗೆ ಪ್ರಾಣಿ ಕೊಂಡರೆ, ಮೊದಲ 6 ತಿಂಗಳಲ್ಲಿ ಕಂಡ ದೋಷ ಮಾರುವಾಗಲೇ ಇತ್ತು ಅಂತ ಜರ್ಮನ್ ಕಾನೂನು ಹಿಡಿಯುತ್ತದೆ. ಇರಲಿಲ್ಲ ಅಂತ ತೋರಿಸುವುದು ಅವನ ಕೆಲಸ. (2022ರಿಂದ ಬೇರೆ ಸಾಮಾನುಗಳಿಗೆ ಇದನ್ನು 1 ವರ್ಷ ಮಾಡಿದರು, ಪ್ರಾಣಿಗಳಿಗೆ 6 ತಿಂಗಳೇ ಉಳಿಸಿದರು.) ಖಾಸಗಿಯವನು ಮಾರಿದರೆ ಈ ಅನುಕೂಲ ನಮಗಿಲ್ಲ. ಹಾಗಾಗಿ ತಿಂಗಳು ತಿಂಗಳೂ ಕುದುರೆ ಮಾರುವವರು ಕೂಡ ಕಾಗದದ ಮೇಲೆ "ಮಗಳ ಪೋನಿ" ಮಾರುವ ಅಪ್ಪಂದಿರಾಗುತ್ತಾರೆ.

ಆದರೆ ಕಾಗದದಲ್ಲಿ ಬರೆದ ಮಾತ್ರಕ್ಕೆ ಯಾರೂ ಖಾಸಗಿಯವರಾಗುವುದಿಲ್ಲ. ಅವನು ನಿಜಕ್ಕೂ ಏನು ಮಾಡುತ್ತಾನೆ ಅನ್ನೋದು ಲೆಕ್ಕ. ಅದೇ ಫೋನ್ ನಂಬರಿನಲ್ಲಿ, ಅದೇ ಲಾಯದ ಗೋಡೆ ಹಿಂದೆ ಕಾಣುವ ಎಷ್ಟೊಂದು ಹಳೆಯ ಜಾಹೀರಾತುಗಳು ನನ್ನ ಹೆಂಡತಿಗೆ ಸಿಕ್ಕವು. ಎಲ್ಲವನ್ನೂ ಸ್ಕ್ರೀನ್‌ಶಾಟ್ ಮಾಡಿಟ್ಟಳು. ಬೇಕೆಂದೇ ಮುಚ್ಚಿಟ್ಟು ಮೋಸ ಮಾಡಿದ್ದರೆ "ಹೊಣೆ ಇಲ್ಲ" ಎಂಬ ಸಾಲು ಖಾಸಗಿಯವನನ್ನೂ ಕಾಯುವುದಿಲ್ಲ ಅಂತ ವಕೀಲರು ಹೇಳಿದರು. ರಕ್ತದ ವರದಿ, ಸ್ಕ್ರೀನ್‌ಶಾಟ್ ಎರಡನ್ನೂ ಸೇರಿಸಿ ಕಾಗದ ಹೋದ ಮೇಲೆ ಅವನ ದನಿ ಇಳಿಯಿತು. ಕೋರ್ಟಿಗೆ ಹೋಗುವ ಮುಂಚೆಯೇ ಪೋನಿ ವಾಪಸ್ ತೆಗೆದುಕೊಂಡು ಬೆಲೆ ಹಿಂತಿರುಗಿಸಿದ. ಲಾಯದ ಬಾಡಿಗೆ, ಡಾಕ್ಟರ್, ಲಾಳ ಹೊಡೆಸಿದ್ದು, ವಕೀಲರ ಫೀಸಿನ ದೊಡ್ಡ ಪಾಲು, ಎಲ್ಲಾ ನಮ್ಮ ತಲೆ ಮೇಲೆ.

ಹೋಗುವವರು ಹೇಳದೇ ಸ್ವಲ್ಪ ಬೇಗ ಹೋಗಿ. ಪೋನಿ ಲಾಯದಲ್ಲಿ ಒಣಮೈಯಲ್ಲಿ ನಿಂತಿರಬೇಕು, ಜೀನು ನಿಮ್ಮ ಕಣ್ಣೆದುರು ಹಾಕಬೇಕು. ಮೊದಲು ಅವರ ಕಡೆಯವರು ಹತ್ತಲಿ, ಆಮೇಲೆ ನಿಮ್ಮ ಮಗು. ಇನ್ನೊಂದು ದಿನ ಮತ್ತೆ ಹೋಗಿ. ಮಾರುವವರು ಬೇಡ ಅಂದರೆ ಆ ಪೋನಿಯೇ ಬೇಡ. ಕತ್ತಿನ ಎಡಗಡೆ ಚರ್ಮದೊಳಗೆ ಇರುವ ಮೈಕ್ರೋಚಿಪ್ ನಂಬರನ್ನು ಪೋನಿಯ ಪಾಸ್‌ಪೋರ್ಟಿನ ಜೊತೆ ಡಾಕ್ಟರ್ ಹತ್ತಿರ ತಾಳೆ ನೋಡಿಸಿ. ಪಾಸ್‌ಪೋರ್ಟ್ ಕೈಗೆ ಬಂತು ಅಂದ ಮಾತ್ರಕ್ಕೆ ಪೋನಿ ನಿಮ್ಮದಾಗಲ್ಲ. ಮಾಲೀಕತ್ವದ ಪತ್ರ ಬೇರೆಯೇ ಇರುತ್ತದೆ, ಅದನ್ನು "ಆಮೇಲೆ ಪೋಸ್ಟ್ ಮಾಡ್ತೀನಿ" ಅಂದರೆ ದುಡ್ಡನ್ನೂ ಆಮೇಲೆ ಕೊಡಿ.

ಮರಿ ಮಾಡಿಸುವ ಆಸೆಯಿಂದ ಹೆಣ್ಣು ವಾರ್ಮ್‌ಬ್ಲಡ್ ಕೊಳ್ಳುವವರು ಡಬ್ಲ್ಯುಎಫ್‌ಎಫ್‌ಎಸ್ ಎಂಬ ವಂಶವಾಹಿ ರೋಗದ ಪರೀಕ್ಷೆಯ ಫಲಿತಾಂಶ ಕೇಳಿ. ತಾಯಿ ತಂದೆ ಇಬ್ಬರಲ್ಲೂ ಆ ರೋಗದ ವಂಶವಾಹಿ ಅಡಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ರೋಗ ಬರುವ ಸಾಧ್ಯತೆ ಇದೆ. ಚರ್ಮ ಹರಿದುಹೋಗುವ ಆ ಮರಿಗಳು ಬದುಕುವುದಿಲ್ಲ. ತಾಯಿ ತಂದೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತವೆ.

ಈಗ ಇದನ್ನೆಲ್ಲ ಬರೆಯಲು ಕಾರಣ, ನಮ್ಮ ಪೋನಿ ಮತ್ತೆ ಜಾಹೀರಾತಿನಲ್ಲಿ ಬಂದಿದೆ. ಹೆಸರು ಬದಲಾಗಿದೆ, ಬೆಲೆ ಸ್ವಲ್ಪ ಇಳಿದಿದೆ, "ಮಕ್ಕಳಿಗೆ ಹೇಳಿ ಮಾಡಿಸಿದ್ದು" ಅನ್ನೋದು ಹಾಗೇ ಇದೆ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಎತ್ತರ 144 ಸೆಂಟಿಮೀಟರ್, ಹಿಂದಿನ ಎಡಗಾಲು ಗೊರಸಿನ ಮೇಲೆ ಬಿಳಿ. ನೋಡಲು ಹೋಗುವ ಯೋಚನೆ ಇದ್ದರೆ ಬೆನ್ನಿನ ಎಕ್ಸ್‌ರೇ ಕೇಳಿ.