ಒಂದೇ ವರ್ನಾ, ಎರಡು ಎಂಜಿನ್: ಭಾವನ ಎನ್‌ಎ, ನನ್ನ ಟರ್ಬೊ

ಭಾವ ಇರುವುದು ಮಂಡ್ಯದಲ್ಲಿ, ನಾನು ಮೈಸೂರಿನಲ್ಲಿ. ಇಬ್ಬರದ್ದೂ 2023ರ ಹ್ಯುಂಡೈ ವರ್ನಾ ಕಾರು, ಇಬ್ಬರದ್ದೂ ಆರು ಗೇರಿನ ಮ್ಯಾನ್ಯುವಲ್. ಅವರು ತಗೊಂಡಿದ್ದು ಟರ್ಬೊ ಇಲ್ಲದ 1.5 ಲೀಟರ್, ಅದೇ ಎನ್‌ಎ ಅಂತೀವಲ್ಲ, ಅದು. ನನ್ನದು 1.5 ಟರ್ಬೊ, ಅಂದರೆ ಹೊರಗೆ ಹೋಗುವ ಹೊಗೆಯ ಬಲದಿಂದಲೇ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ ಇರುವುದು. ಬೆಲೆಯಲ್ಲಿ ಲಕ್ಷದ ಮೇಲೆ ವ್ಯತ್ಯಾಸ. ಹೋದ ತಿಂಗಳು ಒಂದು ಭಾನುವಾರ ಕೀ ಅದಲು ಬದಲು ಮಾಡಿಕೊಂಡು ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗಿ ಬಂದೆವು. ಪುಳಿಯೋಗರೆ ಬರೀ ನೆಪ.

ಕಾಗದದ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಎನ್‌ಎಗೆ 115 ಪಿಎಸ್ (ಅಶ್ವಶಕ್ತಿ ಅನ್ನಿ), ಟರ್ಬೊಗೆ 160. ಆದರೆ ರಸ್ತೆಯಲ್ಲಿ ಗೊತ್ತಾಗುವುದು ಟಾರ್ಕ್, ಅಂದರೆ ತಿರುಗಿಸುವ ಬಲ, ಅದರ ಅಳತೆ ಎನ್‌ಎಂ. ಎನ್‌ಎ 144 ಎನ್‌ಎಂ ಕೊಡುತ್ತದೆ, ಅದೂ ಎಂಜಿನ್ ನಿಮಿಷಕ್ಕೆ 4,500 ಸುತ್ತು (ಆರ್‌ಪಿಎಂ) ಮುಟ್ಟಿದ ಮೇಲೆ. ಟರ್ಬೊ 253 ಕೊಡುತ್ತದೆ, 1,500ರಿಂದಲೇ.

ಇದರ ಅರ್ಥ ಏನು ಅಂತ ಪಾಂಡವಪುರ ದಾಟಿದ ಮೇಲೆ ಗೊತ್ತಾಯಿತು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್, ಸೋಗೆ ಎರಡೂ ಕಡೆ ರಸ್ತೆ ಗುಡಿಸುತ್ತಾ ಹೋಗುತ್ತಿದೆ, ಆ ಕಡೆಯಿಂದ ಬಸ್ಸು ಬರೋದಕ್ಕೆ ಇನ್ನೂ ಸ್ವಲ್ಪ ಟೈಮ್ ಇದೆ. ನನ್ನ ಗಾಡಿಯಲ್ಲಿ ಭಾವ ಮೂರನೇ ಗೇರಿನಲ್ಲೇ ಕಾಲು ಒತ್ತಿದರು, ಹೋಗಿಯೇಬಿಟ್ಟರು. ಹಿಂದೆ ಎನ್‌ಎಯಲ್ಲಿದ್ದ ನಾನು ಎರಡನೇ ಗೇರಿಗೆ ಇಳಿಸಿ, ಮುಳ್ಳು 5,000 ದಾಟುವವರೆಗೆ ಎಂಜಿನ್ ಅರಚಿಸಿ, ಅಷ್ಟರಲ್ಲಿ ಬಸ್ಸು ಹತ್ತಿರ ಬಂತು ಅಂತ ಸುಮ್ನೆ ವಾಪಸ್ ಸೋಗೆ ಹಿಂದೆ ಸೇರಿಕೊಂಡೆ. ಬಸ್ಸು ಹೋದ ಮೇಲೆ ದಾಟಿದೆ ಅನ್ನಿ.

ಬೆಟ್ಟದ ತಿರುವಿನಲ್ಲಿ ಮಾತ್ರ ಕಥೆ ತಿರುಗಿತು. ಎನ್‌ಎಯಲ್ಲಿ ಕಾಲು ಎಷ್ಟು ಒತ್ತುತ್ತೀರೋ ಅಷ್ಟೇ ಬರುತ್ತದೆ, ಒತ್ತಿದ ಕ್ಷಣವೇ ಬರುತ್ತದೆ. ಸದ್ದೂ ಮೇಲೆ ಏರಿದಷ್ಟು ಚೆನ್ನ. ಟರ್ಬೊದಲ್ಲಿ ತಿರುವಿನೊಳಗೆ 1,200ಕ್ಕೆ ಬಿದ್ದರೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಎಲ್ಲಾ ಒಟ್ಟಿಗೆ. ಎಳೆಯುವುದು ಮುಂದಿನ ಚಕ್ರ ಆದ್ದರಿಂದ ಸ್ಟೀರಿಂಗ್ ಕೂಡ ಕೈಯಲ್ಲಿ ಜಗ್ಗುತ್ತದೆ. ಹೊಗೆ ಬಂದು ಟರ್ಬೈನ್ ತಿರುಗಿಸಬೇಕು, ಆಮೇಲೆ ತಾನೇ ಗಾಳಿ ಒತ್ತೋದು, ಅದಕ್ಕೆ ಆ ತಡ. ಗೇರು ಸರಿಯಾಗಿ ಹಾಕಿದರೆ ಇದು ಕಾಡಲ್ಲ, ನಾನು ಹಾಕಿರಲಿಲ್ಲ ಅಷ್ಟೇ. ಅಕ್ಕನಿಗೆ ಹೋಗುವಾಗ ಅದರಲ್ಲಿ, ಬರುವಾಗ ಇದರಲ್ಲಿ, ಎರಡರಲ್ಲೂ ಹೊಟ್ಟೆ ತೊಳಸಿತು, ಅವಳ ಪ್ರಕಾರ ಎರಡೂ ಒಂದೇ.

ಊಟಿ ಕಡೆ ಜಾಸ್ತಿ ಹೋಗುವವರು ಇದನ್ನು ಕೇಳಿ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಎನ್‌ಎ ಎಂಜಿನ್ ತನ್ನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಐದನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಅದರಲ್ಲಿ ಬಹುಪಾಲು ತುಂಬಿಕೊಳ್ಳುತ್ತದೆ. ಐದು ಜನ, ಡಿಕ್ಕಿ ತುಂಬಾ ಲಗೇಜು ಇದ್ದಾಗ ಗೂಡಲೂರು ಘಾಟಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಟರ್ಬೊ ತಗೊಂಡರೆ ಎರಡು ಅಭ್ಯಾಸ ಬೇಕು. ಒಂದು, ಆಯಿಲ್ ಹೇಳಿದ ದಿನಕ್ಕೆ, ಹೇಳಿದ ಗ್ರೇಡಿನದೇ. ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುವ ಟರ್ಬೊದ ಶಾಫ್ಟು ನಿಂತಿರುವುದು ಆಯಿಲ್ ಪದರದ ಮೇಲೆ. ಎರಡು, ಘಾಟಿ ಹತ್ತಿಸಿದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಮೇಲುಕೋಟೆಯಲ್ಲಿ ಇದನ್ನು ಹೇಳಿದಾಗ ಆಲೆಮನೆ ನಡೆಸುವ ಭಾವನಿಗೆ ವಿವರಿಸಬೇಕಾಗಿ ಬರಲಿಲ್ಲ. "ಗೊತ್ತು ಬಿಡಪ್ಪ, ಉರಿ ಎಳೆದ ಮೇಲೂ ಕೊಪ್ಪರಿಗೆ ಕುದೀತಾನೇ ಇರುತ್ತೆ, ಕೈಯಾಡಿಸೋದು ನಿಲ್ಲಿಸಿದ್ರೆ ತಳ ಹಿಡಿಯುತ್ತೆ" ಅಂದರು. ಅದೇ ವಿಷಯ. ಶಾಖ ಅಲ್ಲೇ ಉಳಿಯುತ್ತದೆ, ಆಯಿಲ್ ಓಡಾಟ ನಿಂತರೆ ಸೀದು ತಳ ಹಿಡಿಯುತ್ತದೆ.

ಮೈಲೇಜು? ಕಂಪನಿ ಲೆಕ್ಕದಲ್ಲಿ ಟರ್ಬೊ 20, ಎನ್‌ಎ 18.6. ನಂಬಿದಿರಾ? ಮೆತ್ತಗೆ ಓಡಿಸಿದರೆ ನಿಜವೂ ಇರಬಹುದು, ಆದರೆ ಮೆತ್ತಗೆ ಓಡಿಸೋಕೆ ಯಾರು ಟರ್ಬೊ ತಗೊಳ್ತಾರೆ ಹೇಳಿ. ಊರೊಳಗೆ ನನಗೆ 11 ಬರುತ್ತದೆ, ತಪ್ಪು ನನ್ನ ಕಾಲಿನದು. ಇನ್ನು ಬೆಂಗಳೂರು ಹೈವೇಯಲ್ಲಿ 100ರ ಮಿತಿ, ಮೇಲೆ ಕ್ಯಾಮೆರಾ. ಅಲ್ಲಿ ಎರಡೂ ಒಂದೇ.

ಟರ್ಬೊ ಬಂದು ಮಜಾ ಹೋಯಿತು ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಫೆರಾರಿ 458 ಟರ್ಬೊ ಇಲ್ಲದೆ 9,000 ಆರ್‌ಪಿಎಂ ಮುಟ್ಟುತ್ತಿತ್ತು. 2015ರಲ್ಲಿ ಅದರ ಜಾಗಕ್ಕೆ ಬಂದ 488ಕ್ಕೆ ಎರಡು ಟರ್ಬೊ ಹಾಕಿ 570ರಿಂದ 670 ಪಿಎಸ್‌ಗೆ ಏರಿಸಿದರು, ಆದರೂ ಹಳೆಯದರ ಸದ್ದು ನೆನೆಸಿಕೊಳ್ಳುವವರು ಈಗಲೂ ಇದ್ದಾರೆ. ಆದರೆ ನಮ್ಮ ಬಜೆಟ್ಟಿನ ಎನ್‌ಎ 9,000ಕ್ಕೆ ಹಾಡುವ ಎಂಜಿನ್ ಅಲ್ಲ, ಅದು ಆಫೀಸಿಗೆ ಹೋಗಿ ಬರೋಕೆ ಮಾಡಿದ್ದು. ವೇಗಕ್ಕೆ ಅಂತಲೇ ದುಡ್ಡು ಹಾಕುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಟರ್ಬೊ ತಗೊಳ್ಳಿ. ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವ ಯೋಚನೆ, ದಿನಾ ಊರೊಳಗೇ ಓಡಾಟ ಅಂದರೆ ಭಾವನ ಹಾಗೆ ಮಾಡಿ.

ಒಂದು ಮಾತು, ಟೆಸ್ಟ್ ಡ್ರೈವ್ ಬಗ್ಗೆ. ನಾನು ಹೋದ ಒಂದು ಶೋರೂಮಿನವರು ರಿಂಗ್ ರೋಡಿನಲ್ಲಿ ಎರಡು ಕಿಲೋಮೀಟರ್ ಸುತ್ತಿಸಿ ಕೀ ಇಸ್ಕೊಂಡರು. ಸಮತಟ್ಟಲ್ಲಿ ಎಲ್ಲಾ ಗಾಡಿನೂ ಓಡುತ್ತೆ. ಹಟ ಹಿಡಿದು ಚಾಮುಂಡಿ ಬೆಟ್ಟ ಹತ್ತಿಸಿ, ಹಿಂದಿನ ಸೀಟಿನಲ್ಲಿ ಮೂರು ಜನ ಕೂರಿಸಿಕೊಂಡು.